ತಂತಿ ಎತ್ತರ ಆಗಿದೆ, ಏನ್ಮಾಡ್ಲಿ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಅಕೂಸ್ಟಿಕ್ ಗಿಟಾರ್ ತಗೊಂಡೆ ಸಾರ್, ತಂತಿ ಎಷ್ಟು ಮೇಲಿದೆ ಅಂದ್ರೆ ಒತ್ತಿ ಒತ್ತಿ ಬೆರಳ ತುದಿ ಉರಿಯುತ್ತೆ. ಗಿಟಾರಿನ ಕುತ್ತಿಗೆ, ಅದೇ ನೆಕ್ಕು, ಅದರೊಳಗಿರೋ ಟ್ರಸ್ ರಾಡ್ ಅನ್ನೋ ಸರಳು ತಿರುಗಿಸು ಅಂತಾನೆ ಫ್ರೆಂಡು. ತಿರುಗಿಸ್ಲಾ, ಇಲ್ಲಾ ಬೇರೆ ಗಿಟಾರೇ ತಗೊಂಡ್ಬಿಡ್ಲಾ?

ಉತ್ತರ: ಸ್ವಲ್ಪ ತಡೀರಿ ಮಾರಾಯ್ರೇ! ಮೊದಲು ದಪ್ಪ ತಂತೀನ 1ನೇ ಫ್ರೆಟ್ಟಲ್ಲೂ (ಫ್ರೆಟ್ ಅಂದ್ರೆ ನೆಕ್ ಮೇಲಿರೋ ಅಡ್ಡ ಲೋಹದ ಪಟ್ಟಿ), ನೆಕ್ಕು ಬಾಡಿ ಸೇರೋ ಜಾಗದಲ್ಲೂ ಒಟ್ಟಿಗೆ ಒತ್ಕೊಂಡು 7ನೇ ಫ್ರೆಟ್ ಹತ್ರ ಸಂದಿ ನೋಡಿ, ಒಂದು ವಿಸಿಟಿಂಗ್ ಕಾರ್ಡ್ ತೂರೋಷ್ಟಿದ್ರೆ ನೆಕ್ ಸರಿಯಾಗೇ ಇದೆ, ಟ್ರಸ್ ರಾಡ್ ತಂಟೆಗೇ ಹೋಗ್ಬೇಡಿ. ಅದಿರೋದು ನೆಕ್ಕಿನ ಬಾಗು ತಿದ್ದೋಕೆ, ತಂತಿ ಇಳಿಸೋಕಲ್ಲ. ಇಳಿಸ್ಬೇಕಂದ್ರೆ ಬಾಡಿ ಮೇಲೆ ತಂತಿ ಸಿಕ್ಕಿಸಿರೋ ಮರದ ತುಂಡು, ಅಂದ್ರೆ ಬ್ರಿಡ್ಜ್, ಅದರ ಮೇಲಿರೋ ಬಿಳಿ ಪಟ್ಟಿ, ಅದೇ ಸ್ಯಾಡಲ್ಲು, ಅದನ್ನ ಹೊರಗೆ ತೆಗೆದು ತಳಾನ ಉಪ್ಪುಕಾಗದದ ಮೇಲೆ ಉಜ್ಜಬೇಕು. 12ನೇ ಫ್ರೆಟ್ ತಂತಿಯ ನಟ್ಟನಡುವೆ ಬರೋದ್ರಿಂದ ಅಲ್ಲಿ 1 ಮಿಮೀ ಇಳೀಬೇಕಂದ್ರೆ ಸ್ಯಾಡಲ್ಲು 2 ಮಿಮೀ ಹೋಗ್ಬೇಕು. ನಾನು ಒಂದ್ಸಲ ಆವೇಶದಲ್ಲಿ ಉಜ್ಜಿ ಉಜ್ಜಿ, ತಂತಿ ಫ್ರೆಟ್ಟಿಗೆ ತಾಗಿ ಗಿಟಾರ್ ಜೀರುಂಡೆ ಥರ ಗುಂಯ್‌ಗುಡ್ತಿತ್ತು, ಹೊಸ ಸ್ಯಾಡಲ್ ಹಾಕ್ಸೋದಾಯ್ತು.

ಹಾಂ, ಬ್ರಿಡ್ಜ್ ಹಿಂದೆ ಮರ ತುಂಬಾ ಉಬ್ಬಿದ್ಯಾ, ಬ್ರಿಡ್ಜ್ ಅಂಚು ಎದ್ದಿದ್ಯಾ ಅಂತಾನೂ ನೋಡಿ, ಎದ್ದಿದ್ರೆ ಉಜ್ಜೋಕೆ ಹೋಗ್ಬೇಡಿ, ತಂತಿ ಸಡಿಲಿಸಿ ಸೀದಾ ರಿಪೇರಿಯವರ ಹತ್ರ ಒಯ್ಯಿರಿ. ತೇವ ಹೆಚ್ಚಾದ್ರೂ ಮರ ಉಬ್ಬುತ್ತೆ, ಗಾಳಿಯ ತೇವಾಂಶ 45ರಿಂದ 55 ಪರ್ಸೆಂಟ್ ಇದ್ರೆ ಗಿಟಾರಿಗೆ ಹಿತ. ಇನ್ನೊಂದು ಗಿಟಾರಾ? ಅದು ಹೇಗೂ ತಗೋತೀರಿ ಬಿಡಿ, ನಂಗೊತ್ತು.