ಎಲುಬುಗಳನ್ನು ಬಿಡಿ, ಎಬ್ಬಿಸುವವನನ್ನು ಹಿಡಿಯಿರಿ

ಸುರತ್ಕಲ್‌ನ ತಮ್ಮನ ಪ್ರಶ್ನೆಗೆ ಉತ್ತರ. ಸ್ವಲ್ಪ ಉದ್ದ ಆಗ್ತದೆ, ಚಾ ಇಟ್ಟುಕೊಂಡು ಓದಿ.

ಅವರು ಕೇಳಿದ್ದು ಇಷ್ಟು. ಡಾರ್ಕ್ ಸೋಲ್ಸ್ ರಿಮಾಸ್ಟರ್ಡ್ ಎಂಬ ವಿಡಿಯೊ ಗೇಮ್ ಆಡುತ್ತಿದ್ದಾರೆ. ಫೈರ್‌ಲಿಂಕ್ ಶ್ರೈನ್ ಪಕ್ಕದ ಸ್ಮಶಾನದಿಂದ ಇಳಿದು ಕ್ಯಾಟಕೂಮ್ಸ್ ಎಂಬ ನೆಲದಡಿಯ ಗೋರಿಗಳ ಗುಹೆಗೆ ಹೋಗಿದ್ದಾರೆ. ಅಲ್ಲಿ ಅಸ್ಥಿಪಂಜರಗಳನ್ನು ಎಷ್ಟು ಹೊಡೆದರೂ ಮತ್ತೆ ಎದ್ದು ಬರುತ್ತವೆ. ಹೇಗೋ ಓಡಿ ಓಡಿ ತಳ ಮುಟ್ಟಿದ್ದಾರೆ, ಮೂರು ಮುಖವಾಡದ ಬಾಸ್ (ಆ ಜಾಗದ ದೊಡ್ಡ ಶತ್ರು) ಸುಲಭದಲ್ಲಿ ಸತ್ತಿದ್ದಾನೆ. ಏಣಿ ಹತ್ತಿ ಆಚೆ ಹೋದರೆ ಏನೂ ಕಾಣದ ಕತ್ತಲೆ. ಅನೋರ್ ಲೋಂಡೊ ಎಂಬ ನಗರ ಇನ್ನೂ ನೋಡಿಲ್ಲ. ನೀಟೊ ಎಂಬ ಬಾಸ್ ಎಲ್ಲಿದ್ದಾನೆ, ಅವನಿಗೆ ಎಂತ ಮಾಡಬೇಕು?

ಮೇಲೆ ಬಂದ ಹೆಚ್ಚಿನ ಉತ್ತರಗಳು 'ಲೆವೆಲ್ ಜಾಸ್ತಿ ಮಾಡಿ' ಎನ್ನುತ್ತವೆ. ನನಗೆ ಒಪ್ಪಿಗೆ ಇಲ್ಲ. ಲೆವೆಲ್ ಎಷ್ಟೇ ಇರಲಿ, ಆ ಎಲುಬುಗಳು ಏಳುತ್ತವೆ. ಒಂದೇ ಏಟಿಗೆ ಬೀಳಬಹುದು, ಆದರೆ ಎದ್ದೇ ಏಳುತ್ತವೆ.

ಯಕ್ಷಗಾನ ನೋಡುವವರಿಗೆ ಇದು ಹೊಸ ವಿಷಯ ಅಲ್ಲ. ಮೊದಲು ನೆನಪಾಗುವುದು ರಕ್ತಬೀಜ. ಆದರೆ ಅವನನ್ನು ಕಡಿದರೆ ಸಂಖ್ಯೆ ಹೆಚ್ಚುತ್ತದೆ. ಇಲ್ಲಿ ಸಂಖ್ಯೆ ಹೆಚ್ಚುವುದಿಲ್ಲ, ಬಿದ್ದವರೇ ಏಳುತ್ತಾರೆ. ಇದು ಶುಕ್ರಾಚಾರ್ಯರ ಲೆಕ್ಕ. ದೇವತೆಗಳು ಎಷ್ಟು ಅಸುರರನ್ನು ಕೊಂದರೂ ಅವರು ಸಂಜೀವಿನಿ ಮಂತ್ರ ಹಾಕಿ ಎಬ್ಬಿಸುತ್ತಿದ್ದರು. ಕೊನೆಗೆ ಕಚನನ್ನು ಕಳಿಸಿದ್ದು ಅಸುರರ ಹತ್ತಿರ ಯುದ್ಧಕ್ಕಲ್ಲ, ಮಂತ್ರ ಇರುವವರ ಮನೆಗೇ.

ಕ್ಯಾಟಕೂಮ್ಸ್‌ನಲ್ಲಿ ಆ ಮಂತ್ರ ಇರುವುದು ನೆಕ್ರೊಮ್ಯಾನ್ಸರ್‌ಗಳ ಕೈಯಲ್ಲಿ. ಕೈಯಲ್ಲಿ ದೀಪ ಹಿಡಿದುಕೊಂಡು ದೂರ ನಿಂತು ಬೆಂಕಿ ಎಸೆಯುತ್ತಾರಲ್ಲ, ಅವರೇ. ಅವನು ಬದುಕಿರುವವರೆಗೆ ಅವನ ಸುತ್ತಿನ ಎಲುಬುಗಳು ಏಳುತ್ತವೆ. ಅವನು ಸತ್ತ ಮೇಲೆ ಬಿದ್ದದ್ದು ಬಿದ್ದಲ್ಲೇ. ಇನ್ನೊಂದು ಮುಖ್ಯ ವಿಷಯ: ನೀವು ಬೋನ್‌ಫೈರ್‌ನಲ್ಲಿ (ವಿಶ್ರಾಂತಿಯ ಬೆಂಕಿಯ ಹತ್ತಿರ) ಕೂತರೆ ಸತ್ತ ಬೇರೆ ಹೆಚ್ಚಿನವರು ವಾಪಸ್ ಬರುತ್ತಾರೆ, ನೆಕ್ರೊಮ್ಯಾನ್ಸರ್ ಬರುವುದಿಲ್ಲ. ಒಮ್ಮೆ ಸತ್ತರೆ ಮುಗಿಯಿತು. ಹಾಗಾಗಿ ಒಂದು ಸಂಜೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಇವರನ್ನು ಮಾತ್ರ ಹುಡುಕಿ ಮುಗಿಸಿ. ಮರುದಿನ ಅದೇ ದಾರಿಯಲ್ಲಿ ಅರ್ಧ ಕಷ್ಟವೂ ಇರುವುದಿಲ್ಲ.

ಇದಕ್ಕೆ ಒಂದು ಬಿಲ್ಲು ಸಾಕು. ಅನ್‌ಡೆಡ್ ಬರ್ಗ್‌ನ ವ್ಯಾಪಾರಿ ಹತ್ತಿರ ಶಾರ್ಟ್ ಬೋ ಉಂಟು, ಬಾಣಗಳೂ ಉಂಟು. ದೂರದಿಂದಲೇ ದೀಪ ನೋಡಿ ಲಾಕ್ ಮಾಡಿ ಹೊಡೆಯಿರಿ. ಬಾಣ ತಾಗದ ಮೂಲೆಯಲ್ಲಿ ನಿಂತಿದ್ದರೆ ಎಲುಬುಗಳನ್ನು ಒಮ್ಮೆ ಬೀಳಿಸಿ. ಅವು ಜೋಡಿಸಿಕೊಂಡು ಏಳಲು ಕೆಲವು ಸೆಕೆಂಡ್ ಬೇಕು, ಅಷ್ಟರಲ್ಲಿ ಅವನ ಹತ್ತಿರ ಓಡಿ.

'ಡಿವೈನ್ (ದೈವಿಕ ಶಕ್ತಿ ತುಂಬಿದ) ಆಯುಧ ಇಲ್ಲದೆ ಆಗುವುದೇ ಇಲ್ಲ' ಎಂದು ಒಬ್ಬರು ಬರೆದಿದ್ದಾರೆ. ಅರ್ಧ ಸರಿ. ಡಿವೈನ್ ಆಯುಧದಿಂದ ಹೊಡೆದರೆ ನೆಕ್ರೊಮ್ಯಾನ್ಸರ್ ಬದುಕಿದ್ದರೂ ಎಲುಬು ಏಳುವುದಿಲ್ಲ, ಹೌದು. ಆದರೆ ಅದಕ್ಕೆ ಡಾರ್ಕ್‌ರೂಟ್ ಗಾರ್ಡನ್‌ನಲ್ಲಿ ಮೂನ್‌ಲೈಟ್ ಬಟರ್‌ಫ್ಲೈ ಎಂಬ ಬಾಸನ್ನು ದಾಟಬೇಕು. ಆ ಗೋಪುರದ ಮೇಲೆ ಕಲ್ಲಾಗಿ ಕೂತ ಕಮ್ಮಾರನ ಹತ್ತಿರ ಡಿವೈನ್ ಎಂಬರ್ ಎಂಬ ಕೆಂಡ ತೆಗೆದುಕೊಂಡು ಆಂಡ್ರೆ ಎಂಬ ಇನ್ನೊಬ್ಬ ಕಮ್ಮಾರನಿಗೆ ಕೊಡಬೇಕು. ಐದು ಸಲ ಬಲಪಡಿಸಿ +5 ಆದ ಮಾಮೂಲು ಆಯುಧ ಬೇಕು, ಗ್ರೀನ್ ಟೈಟನೈಟ್ ಎಂಬ ಕಲ್ಲು ಬೇಕು. ಗ್ರೀನ್ ಟೈಟನೈಟ್‌ಗೆ ಬ್ಲೈಟ್‌ಟೌನ್‌ನ ಕೆಸರಿಗೆ ಇಳಿದು ಇಂಬಳ ಕೊಲ್ಲಬೇಕು. ಮಳೆಗಾಲದಲ್ಲಿ ಘಟ್ಟಕ್ಕೆ ಚಾರಣ ಹೋದವರು ಆ ಆಟ ಮನೆಯಲ್ಲೂ ಯಾಕೆ ಆಡಬೇಕು? ಕ್ಯಾಟಕೂಮ್ಸ್‌ಗೋಸ್ಕರ ಇಷ್ಟು ಸುತ್ತು ಬೇಡ. ನೀಟೊಗೆ ಉಪಯೋಗ ಆಗುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಈಗ ತುರ್ತು ವಿಷಯ. ತಮ್ಮಾ, ಆ ಕತ್ತಲೆಯ ಜಾಗಕ್ಕೆ ಟೂಂಬ್ ಆಫ್ ದ ಜೈಂಟ್ಸ್ ಎಂದು ಹೆಸರು. ಅಲ್ಲಿನ ಬೋನ್‌ಫೈರ್‌ನಲ್ಲಿ ಕೂತಿದ್ದೀರಾ? ಕೂತಿಲ್ಲ ಎಂದಾದರೆ ಕೂರಲೇಬೇಡಿ, ಹಾಗೆಯೇ ವಾಪಸ್ ಬನ್ನಿ. ಅನೋರ್ ಲೋಂಡೊ ಮುಗಿಸದೆ ನೀಟೊ ಸಿಗುವುದೇ ಇಲ್ಲ. ದಾರಿಯಲ್ಲಿ ಒಂದು ಬಂಗಾರದ ಬಣ್ಣದ ಮಂಜಿನ ಗೋಡೆ ಬರುತ್ತದೆ. ಅನೋರ್ ಲೋಂಡೊ ಬಾಸ್‌ಗಳಾದ ಆರ್ನ್‌ಸ್ಟೈನ್ ಮತ್ತು ಸ್ಮೋ ಇಬ್ಬರನ್ನೂ ಕೊಂದು, ಲಾರ್ಡ್‌ವೆಸಲ್ ಎಂಬ ಪಾತ್ರೆ ಪಡೆದು, ಅದನ್ನು ಫೈರ್‌ಲಿಂಕ್‌ನ ಕೆಳಗಿನ ಪೀಠದಲ್ಲಿ ಇಟ್ಟ ಮೇಲೆಯೇ ಆ ಗೋಡೆ ಹೋಗುತ್ತದೆ. ಒಂದು ಬೋನ್‌ಫೈರ್‌ನಿಂದ ಇನ್ನೊಂದಕ್ಕೆ ಹಾರುವ ಶಕ್ತಿ ಬರುವುದೂ ಲಾರ್ಡ್‌ವೆಸಲ್ ಸಿಕ್ಕಿದ ಮೇಲೆ. ಅಂದರೆ ಈಗ ಅಲ್ಲಿ ಕೂತರೆ ನೀವು ಅಲ್ಲೇ. ಸತ್ತರೂ ಅಲ್ಲೇ ಏಳುತ್ತೀರಿ. ಹೋಮ್‌ವರ್ಡ್ ಬೋನ್ ಉಪಯೋಗಿಸಿದರೂ ಅಲ್ಲಿಗೇ ಬರುತ್ತೀರಿ, ಯಾಕೆಂದರೆ ಅದು ಕೊನೆಗೆ ಕೂತ ಜಾಗಕ್ಕೆ ಮಾತ್ರ ಕರೆದುಕೊಂಡು ಹೋಗುತ್ತದೆ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ ಮಾರಾಯ್ರೆ. 2013ರ ಆಟಿ ತಿಂಗಳು. ಉಡುಪಿಯ ಚಿಕ್ಕಮ್ಮನ ಮನೆಯಲ್ಲಿ ಅವರ ಮಗನ ಪಿಎಸ್ 3. ಹೊರಗೆ ಬಿಡದ ಮಳೆ. ನಾನು ದೊಡ್ಡ ಜನ ಎಂದು ಹೋಗಿ ಆ ಕತ್ತಲೆಯಲ್ಲಿ ಕೂತೆ. ಕತ್ತಿ ಸವೆದು ಮುರಿಯುವ ಹಂತಕ್ಕೆ ಬಂದಿತ್ತು, ರಿಪೇರಿ ಪೌಡರ್ ಒಂದೂ ಇರಲಿಲ್ಲ. ಮೇಲೆ ಬರಲು ಮೂರು ದಿನ ಬೇಕಾಯಿತು. ಚಿಕ್ಕಮ್ಮ ಹಿಂದೆ ಬಂದು ನಿಂತು, "ಎಂತ ಮಗಾ, ಮೊನ್ನೆಯೂ ಇದೇ ಗುಹೆಯಲ್ಲಿ ಇದ್ದಿಯಲ್ಲ. ಮೇಲೆ ಬಾ, ಪತ್ರೊಡೆ ತಣ್ಣಗಾಯಿತು" ಎಂದರು. ನಾನು ಮೇಲೆ ಬರುವುದಕ್ಕೇ ಒದ್ದಾಡುತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳುವುದು! ಚಿಕ್ಕಮ್ಮನ ಮಗ ಈಗಲೂ ನನ್ನನ್ನು ನೋಡಿದರೆ "ಮೇಲೆ ಬಂದೆಯಾ?" ಎಂದೇ ಕೇಳುವುದು.

ಆದರೆ ನೀವು ಬೇಗ ಕೆಳಗೆ ಹೋದದ್ದು ದಂಡ ಅಲ್ಲ. ಆ ಮೂರು ಮುಖವಾಡದವನ ಹೆಸರು ಪಿನ್‌ವೀಲ್. ಅವನಿಂದ ರೈಟ್ ಆಫ್ ಕಿಂಡ್ಲಿಂಗ್ ಸಿಕ್ಕಿದೆ, ಬ್ಯಾಗ್ ನೋಡಿ. ಅದಿಲ್ಲದೆ ಬೋನ್‌ಫೈರ್ ಉರಿಸಿದರೆ ಎಸ್ಟಸ್ (ಜೀವ ತುಂಬುವ ಮದ್ದು) 10ಕ್ಕೆ ನಿಲ್ಲುತ್ತದೆ. ಅದಿದ್ದರೆ 15, ಮತ್ತೆ 20. ಅನೋರ್ ಲೋಂಡೊ ಬಾಸ್‌ಗಳ ಮುಂದೆ 20 ಎಸ್ಟಸ್ ಇಟ್ಟುಕೊಂಡು ನಿಲ್ಲುವುದು ಬೇರೆಯೇ ಧೈರ್ಯ. ನಾನಾದರೆ ಈ ಒಂದು ವಸ್ತುವಿಗಾಗಿಯೇ ಎಲ್ಲರನ್ನೂ ಬೇಗ ಕ್ಯಾಟಕೂಮ್ಸ್‌ಗೆ ಕಳಿಸುತ್ತೇನೆ. ಪಿನ್‌ವೀಲ್‌ನ ಹತ್ತಿರ ಇರುವ ಚಕ್ರದ ಅಸ್ಥಿಪಂಜರಗಳು ಮಾತ್ರ ಅವನಿಗಿಂತ ಅಪಾಯ. ಉರುಳಿಕೊಂಡು ಬಂದಾಗ ಶೀಲ್ಡ್ ಎತ್ತಿ ನಿಂತರೆ ಸ್ಟ್ಯಾಮಿನಾ ಪೂರಾ ಹೋಗುತ್ತದೆ. ಪಕ್ಕಕ್ಕೆ ಸರಿಯಿರಿ, ಗೋಡೆಗೆ ಗುದ್ದಿ ನಿಂತಾಗ ಹೊಡೆಯಿರಿ.

ಇಲ್ಲಿ ಯಾರು ರಾಜ, ಯಾರು ಆಳು ಎಂದು ಗೊತ್ತಿದ್ದರೆ ಆಟ ಅರ್ಥ ಆಗುತ್ತದೆ. ಸತ್ತವರಲ್ಲಿ ಮೊದಲನೆಯವನು ಗ್ರೇವ್‌ಲಾರ್ಡ್ ನೀಟೊ. ಡ್ರ್ಯಾಗನ್‌ಗಳ ಮೇಲಿನ ಯುದ್ಧದಲ್ಲಿ ಸಾವನ್ನೂ ರೋಗವನ್ನೂ ಬಿಟ್ಟವನು. ಅವನ ಸೋಲ್‌ನ (ಆತ್ಮದ) ವಿವರಣೆ ಓದಿ: ಅದರ ಶಕ್ತಿಯಲ್ಲಿ ದೊಡ್ಡ ಪಾಲನ್ನು ಆಗಲೇ ಸಾವಿಗೆ ಒಪ್ಪಿಸಿಯಾಗಿದೆ ಎಂದು ಬರೆದಿದೆ. ಅವನು ಕೆಳಗೆ ಬಿದ್ದುಕೊಂಡಿದ್ದಾನೆ, ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ. ಪಿನ್‌ವೀಲ್ ಎಂಬವನು ಅವನ ಶಕ್ತಿ ಕದ್ದು ಕ್ಯಾಟಕೂಮ್ಸ್‌ಗೆ ತಾನೇ ಯಜಮಾನ ಎಂದು ಕೂತಿದ್ದಾನೆ. ಮುಖವಾಡಗಳ ವಿವರಣೆಯಲ್ಲೇ ಈ ಮಾತು ಉಂಟು. ಅಂದರೆ ರಾಜ ಮಲಗಿದ್ದಾನೆ, ಕಳ್ಳ ಆಳುತ್ತಿದ್ದಾನೆ. ಎಲುಬುಗಳು ಪಾಪ ಯಾರು ಎಬ್ಬಿಸಿದರೂ ಏಳುತ್ತವೆ. ಅವುಗಳ ಮೇಲೆ ಸಿಟ್ಟು ಮಾಡಿ ಎಂತ ಪ್ರಯೋಜನ?

ಒಬ್ಬರು 'ಇದು ನಮ್ಮ ಭೂತಗಳ ಹಾಗೆ' ಎಂದು ಬರೆದದ್ದು ನೋಡಿದೆ. ಅದು ಸರಿ ಅಲ್ಲ. ನಮ್ಮಲ್ಲಿ ಭೂತ ಎಂದರೆ ದೈವ, ಊರಿಗೆ ನ್ಯಾಯ ಹೇಳುವಂಥದ್ದು, ನಂಬುವಂಥದ್ದು. ಎದ್ದು ಬಂದ ಹೆಣ ಅಲ್ಲ. ಹೋಲಿಸಲೇಬೇಕಾದರೆ ಕುಲೆಗೆ, ಅಂದರೆ ಸತ್ತವರ ಪ್ರೇತಕ್ಕೆ ಹೋಲಿಸಿ. ಆದರೆ ಕುಲೆಗೂ ಬಡಿಸುವ, ಮದುವೆ ಮಾಡಿಸುವ ಊರು ನಮ್ಮದು. ಆ ಆಟದ ಸತ್ತವರಿಗೆ ಒಂದು ಎಲೆ ಹಾಕುವವರೂ ಇಲ್ಲ. ಯಮನಿಗೂ ನೀಟೊ ಹೋಲುವುದಿಲ್ಲ. ಚಿತ್ರಗುಪ್ತ ಇಲ್ಲ, ಲೆಕ್ಕದ ಪುಸ್ತಕ ಇಲ್ಲ. ಲೆಕ್ಕಪತ್ರ ನೋಡುವ ಪಾತಾಳದ ರಾಜ ಬೇಕಾದರೆ 2020ರ ಹೇಡೀಸ್ ಆಡಿ. ಅಲ್ಲಿ ರಾಜ ಮೇಜಿನ ಮುಂದೆ ಕಾಗದದ ರಾಶಿ ಇಟ್ಟುಕೊಂಡು ಕೂತಿರುತ್ತಾನೆ, ಸ್ಕೆಲ್ಲಿ ಎಂಬ ಅಸ್ಥಿಪಂಜರ ನಿಮ್ಮಿಂದ ಪೆಟ್ಟು ತಿನ್ನಲೆಂದೇ ಅಂಗಳದಲ್ಲಿ ನಿಂತಿರುತ್ತದೆ. ಒಳ್ಳೆಯ ಆಟ. ಆದರೆ ಈ ಪ್ರಶ್ನೆಗೆ ಅದು ಉತ್ತರ ಅಲ್ಲ.

ಸರಿ, ಲಾರ್ಡ್‌ವೆಸಲ್ ಇಟ್ಟು ವಾಪಸ್ ಬಂದಿರಿ ಎಂದಿಟ್ಟುಕೊಳ್ಳಿ. ಕತ್ತಲೆಗೆ ಎಂತ ಮಾಡುವುದು? ಸ್ಕಲ್ ಲ್ಯಾಂಟರ್ನ್ ಎಂಬ ದೀಪ ನೆಕ್ರೊಮ್ಯಾನ್ಸರ್‌ಗಳಿಂದ ಅಪರೂಪಕ್ಕೆ ಸಿಗುತ್ತದೆ, ಟೂಂಬ್‌ನ ಒಳಗೂ ಒಂದು ಉಂಟು. ಅದನ್ನು ಕೈಯಲ್ಲಿ ಹಿಡಿಯಬೇಕು, ಹಾಗಾಗಿ ಶೀಲ್ಡ್ ಇಲ್ಲ. ಸನ್‌ಲೈಟ್ ಮ್ಯಾಗಟ್ ಎಂಬ ಹೊಳೆಯುವ ಹುಳ ತಲೆಗೆ ಹಾಕಿಕೊಳ್ಳುವಂಥದ್ದು, ಎರಡೂ ಕೈ ಖಾಲಿ ಇರುತ್ತದೆ, ಆದರೆ ಅದು ಲಾಸ್ಟ್ ಇಝಲಿತ್ ಎಂಬ ಜಾಗದ ಕಡೆ ಹೋದವರಿಗೆ ಮಾತ್ರ. ಮಂತ್ರ ಹಾಕುವವರಾದರೆ ಡಸ್ಕ್ ಎಂಬವಳ ಹತ್ತಿರ ಕಾಸ್ಟ್ ಲೈಟ್ ಎಂಬ ಬೆಳಕಿನ ಮಂತ್ರ ಕೊಳ್ಳಿ. ನನ್ನ ಅಭಿಪ್ರಾಯ, ಇಝಲಿತ್ ಮೊದಲು ಮುಗಿಸಿ ತಲೆಗೆ ದೀಪ ಹಾಕಿಕೊಂಡೇ ಬನ್ನಿ. ದಾರಿಯಲ್ಲಿ ಅಲ್ಲಲ್ಲಿ ಬಣ್ಣದ ಪ್ರಿಸಂ ಸ್ಟೋನ್ ಹೊಳೆಯುತ್ತಿರುತ್ತವೆ, ಅವುಗಳನ್ನು ಹಿಡಿದು ಹೋಗಿ. ನಿಮ್ಮ ಹತ್ತಿರವೂ ಇದ್ದರೆ ಪ್ರಪಾತಕ್ಕೆ ಒಂದು ಎಸೆದು ನೋಡಿ. ಜೋರು ಶಬ್ದ ಬಂದರೆ ಅಲ್ಲಿ ಹಾರಿದವ ಸತ್ತ. ಹಾಗೆಯೇ ಹಗಲು ಕಿಟಕಿ ತೆರೆದಿಟ್ಟು ಲ್ಯಾಪ್‌ಟಾಪ್‌ನಲ್ಲಿ ಈ ಭಾಗ ಆಡಬೇಡಿ. ಪರದೆಯಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ.

ದಾರಿಯಲ್ಲಿ ಒಬ್ಬ ಬೋಳುತಲೆಯವ ಸಿಗುತ್ತಾನೆ, ಪ್ಯಾಚಸ್. ಕೆಳಗೆ ನಿಧಿ ಉಂಟು, ಬಗ್ಗಿ ನೋಡಿ ಎನ್ನುತ್ತಾನೆ. ಹಿಂದಿನಿಂದ ಒದೆಯುತ್ತಾನೆ. ಬಿದ್ದ ಗುಂಡಿಯಲ್ಲಿ ರಿಯಾ ಎಂಬ ಹುಡುಗಿ ಇರುತ್ತಾಳೆ. ಕಿಂಡ್ಲಿಂಗ್ ಹುಡುಕಿಕೊಂಡು ಬಂದವಳು. ಅವಳ ಕಾವಲಿಗೆ ಬಂದ ವಿನ್ಸ್, ನಿಕೊ ಇಬ್ಬರೂ ಅಷ್ಟರಲ್ಲಿ ಬುದ್ಧಿ ಕಳೆದುಕೊಂಡು ಹಾಲೋ ಆಗಿ ನಿಮ್ಮ ಮೇಲೆಯೇ ಬೀಳುತ್ತಾರೆ. ಇಡೀ ಪಾತಾಳದಲ್ಲಿ ನನಗೆ ಬೇಸರ ಆದದ್ದು ಇವರಿಬ್ಬರನ್ನು ಕೊಲ್ಲುವಾಗ. ಇಲ್ಲಿ ಎಬ್ಬಿಸಿದವ ಯಾರೂ ಇಲ್ಲ, ಹೊಡೆಯದೆ ಉಪಾಯವೂ ಇಲ್ಲ. ಅಂದ ಹಾಗೆ ನೀವು ಆಡುತ್ತಿರುವ ಪಾತ್ರವೂ ಅನ್‌ಡೆಡ್ಡೇ (ಸತ್ತೂ ಸಾಯದವ), ಅದೇ ಗತಿ ನಿಮಗೂ ಬರಬಹುದಿತ್ತು.

ನೀಟೊಗೆ ಹೋಗುವ ಮೊದಲು ಒಬ್ಬನನ್ನು ಕಾಣಿ. ಕ್ಯಾಟಕೂಮ್ಸ್‌ನಲ್ಲೇ ವ್ಯಾಮೋಸ್ ಎಂಬ ಅಸ್ಥಿಪಂಜರ ಕಮ್ಮಾರ ಇದ್ದಾನೆ. ಹೊಡೆಯಬೇಡಿ, ಅವನು ಯಾರ ಆಳೂ ಅಲ್ಲ. ಎಂಬರ್ ಇಲ್ಲದೆಯೇ +5 ಆಯುಧವನ್ನು ಫೈರ್ ಆಯುಧ ಮಾಡಿಕೊಡುತ್ತಾನೆ. ನೀಟೊಗೆ ಬೆಂಕಿ ಎಂದರೆ ಆಗುವುದಿಲ್ಲ. ಪೈರೊಮ್ಯಾನ್ಸಿ (ಬೆಂಕಿಯ ಮಂತ್ರ) ಇದ್ದರೆ ಇನ್ನೂ ಒಳ್ಳೆಯದು.

ನೀಟೊನ ಕೋಣೆಗೆ ಮೇಲಿನಿಂದ ಹಾರಬೇಕು, ಸ್ವಲ್ಪ ಪೆಟ್ಟಾಗುತ್ತದೆ. ಬಿದ್ದ ಕೂಡಲೇ ಎಸ್ಟಸ್ ಕುಡಿಯಿರಿ, ಆದರೆ ಆ ಜಾಗ ಬಿಟ್ಟು ಮುಂದೆ ಓಡಬೇಡಿ. ಇದೇ ಎಲ್ಲರೂ ಮಾಡುವ ತಪ್ಪು. ಕೋಣೆಯ ಆ ತುದಿಯಲ್ಲಿ ದೈತ್ಯ ಅಸ್ಥಿಪಂಜರಗಳು ಉಂಟು. ನೀವು ಅತ್ತ ಹೋಗದಿದ್ದರೆ ಅವು ಇತ್ತ ಬರುವುದಿಲ್ಲ. ಸಣ್ಣವು ಮಾತ್ರ ಬರುತ್ತವೆ. ಇಲ್ಲಿ ಅವುಗಳನ್ನು ಎಬ್ಬಿಸುವ ನೆಕ್ರೊಮ್ಯಾನ್ಸರ್ ಹುಡುಕಿದರೆ ಸಿಗುವುದಿಲ್ಲ, ಹಾಗಾಗಿ ಡಿವೈನ್ ಆಯುಧ ಉಪಯೋಗಕ್ಕೆ ಬರುವುದು ಇಲ್ಲೇ. ಸಣ್ಣವನ್ನು ಡಿವೈನ್‌ನಿಂದ ಮುಗಿಸಿ, ಆಮೇಲೆ ಫೈರ್ ಆಯುಧ ಕೈಗೆ ತೆಗೆದುಕೊಂಡು ನೀಟೊನ ಕಡೆ ತಿರುಗಿ. ಡಿವೈನ್ ಇಲ್ಲದಿದ್ದರೆ ಅವುಗಳನ್ನು ಬೀಳಿಸಿ ಬೀಳಿಸಿ ಸಿಕ್ಕ ಸಮಯದಲ್ಲಿ ನೀಟೊಗೆ ಹೊಡೆಯಬೇಕು. ಆಗುತ್ತದೆ, ನಾನು ಹಾಗೆಯೇ ಮಾಡಿದ್ದು.

ಅವನು ಕತ್ತಿಯನ್ನು ನೆಲಕ್ಕೆ ಚುಚ್ಚಿದಾಗ ಒಂದು ಕಿರುಚು ಕೇಳುತ್ತದೆ, ನಿಮ್ಮ ಕಾಲಡಿಯಿಂದ ಕತ್ತಿ ಏಳುತ್ತದೆ. ಕಿರುಚು ಕೇಳಿದ ಕೂಡಲೇ ರೋಲ್ ಮಾಡಿ. ಮೈ ಕುಗ್ಗಿಸಿ ನಿಂತರೆ ಸುತ್ತಲೂ ಕಪ್ಪು ಹೊಗೆ ಸಿಡಿಯುತ್ತದೆ, ದೂರ ಓಡಿ. ಅವನ ಕತ್ತಿಯಿಂದ ಟಾಕ್ಸಿಕ್ ಎಂಬ ಜೋರು ವಿಷ ಏರುತ್ತದೆ. ಮಾಮೂಲು ನೇರಳೆ ಪಾಚಿ ಅದಕ್ಕೆ ತಾಗುವುದಿಲ್ಲ, ಹೂ ಬಿಟ್ಟ ಬ್ಲೂಮಿಂಗ್ ಪರ್ಪಲ್ ಮಾಸ್ ನಾಲ್ಕೈದು ಇಟ್ಟುಕೊಳ್ಳಿ.

ಕರೆಂಟಿನ ಬಗ್ಗೆ ಒಂದು ಮಾತು. ಈ ಮಳೆಯಲ್ಲಿ ಯುಪಿಎಸ್ ಇಲ್ಲದೆ ಪಿಸಿಯಲ್ಲಿ ಬಾಸ್ ಹತ್ತಿರ ಹೋಗಬೇಡಿ. ಆಟ ತಾನೇ ಸೇವ್ ಮಾಡುತ್ತಲೇ ಇರುತ್ತದೆ, ಆ ಕ್ಷಣಕ್ಕೇ ಕರೆಂಟು ಹೋದರೆ ಸೇವ್ ಫೈಲೇ ಹಾಳಾಗಬಹುದು. ಡಾಕ್ಯುಮೆಂಟ್ಸ್ ಒಳಗೆ ಎನ್‌ಬಿಜಿಐ ಎಂಬ ಫೋಲ್ಡರ್ ಉಂಟು, ಅದನ್ನು ದಿನಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕಿ.

ನೀಟೊ ಸತ್ತ ಮೇಲೆ ಅಲ್ಲೇ ಬೋನ್‌ಫೈರ್ ಉಂಟು. ಈಗ ಧೈರ್ಯವಾಗಿ ಕೂರಿ. ಆಗ ನಿಮಗೆ ಹಾರುವ ಶಕ್ತಿ ಇರುತ್ತದೆ, ನನ್ನ ಹಾಗೆ ಮೂರು ದಿನ ನಡೆದು ಮೇಲೆ ಬರಬೇಕಾಗಿಲ್ಲ. ನಿಮ್ಮ ಆಯುಧಗಳ ಒಂದು ಫೋಟೋ ಇಲ್ಲೇ ಹಾಕಿ, ವ್ಯಾಮೋಸ್‌ಗೆ ಯಾವುದನ್ನು ಕೊಡುವುದು ಎಂದು ರಾತ್ರಿ ನೋಡಿ ಹೇಳುತ್ತೇನೆ.