ಇಂಗ್ಲಿಷ್ ಪ್ರಶ್ನೋತ್ತರ: ‘ದುಡ್ಡಿದ್ದರೆ ತಗೊಳ್ತಿದ್ದೆ’

ಪ್ರಶ್ನೆ: ‘ದುಡ್ಡಿದ್ದರೆ ಕಾರು ತಗೊಳ್ತಿದ್ದೆ’ ಎಂಬುದನ್ನು ‘ಇಫ್ ಐ ಹ್ಯಾವ್ ಮನಿ, ಐ ವಾಸ್ ಬೈಯಿಂಗ್ ಎ ಕಾರ್’ ಎಂದು ಬರೆದೆ. ಮಗಳು ತಪ್ಪು ಅಂದಳು, ಏಕೆಂದು ಹೇಳಲು ಅವಳಿಗೂ ಬರಲಿಲ್ಲ. — ಓದುಗರು, ಚಿತ್ರದುರ್ಗ

ಉತ್ತರ: ತಪ್ಪು ಎರಡು ಕಡೆ ಇದೆ. ಮೊದಲು ‘ವಾಸ್ ಬೈಯಿಂಗ್’ ನೋಡೋಣ. ಕನ್ನಡದ ‘-ತ್ತಿದ್ದೆ’ ಎರಡು ಕೆಲಸ ಮಾಡುತ್ತದೆ. ‘ಚಿಕ್ಕಂದಿನಲ್ಲಿ ದಿನಾ ಕೆರೆಗೆ ಹೋಗುತ್ತಿದ್ದೆ’ ಎಂದರೆ ನಿಜವಾಗಿಯೂ ಹೋಗಿದ್ದೀರಿ. ‘ರಜೆ ಇದ್ದರೆ ಊರಿಗೆ ಹೋಗುತ್ತಿದ್ದೆ’ ಎಂದರೆ ಹೋಗಿಲ್ಲ. ರೂಪ ಒಂದೇ, ಅರ್ಥ ತದ್ವಿರುದ್ಧ. ಇಂಗ್ಲಿಷಿನಲ್ಲಿ ‘ವಾಸ್ ಗೋಯಿಂಗ್’ಗೆ ಈ ಎರಡನೆಯ ಅರ್ಥ ಇಲ್ಲ. ನಡೆಯದ ಮಾತಿಗೆ ‘ವುಡ್ ಗೋ’ ಎಂದೇ ಹೇಳಬೇಕು.

ಇನ್ನೊಂದು ತಪ್ಪು ‘ಹ್ಯಾವ್’. ಇಲ್ಲದ ದುಡ್ಡಿನ ಮಾತಾದ್ದರಿಂದ ಅದು ‘ಹ್ಯಾಡ್’ ಆಗಬೇಕು: ‘ಇಫ್ ಐ ಹ್ಯಾಡ್ ದಿ ಮನಿ, ಐ ವುಡ್ ಬೈ ಎ ಕಾರ್.’ ಈಗಿನ ಮಾತಿಗೆ ಭೂತಕಾಲವೇಕೆ ಎಂದು ಗಾಬರಿಯಾಗಬೇಡಿ. ನಮ್ಮ ‘ಬಂದರೆ’, ‘ಹೋದರೆ’, ‘ಮಾಡಿದರೆ’ಗಳನ್ನು ಬಿಡಿಸಿ ನೋಡಿ, ಒಳಗೆ ‘ಬಂದ’, ‘ಹೋದ’, ‘ಮಾಡಿದ’ ಎಂಬ ಭೂತರೂಪಗಳೇ ಕೂತಿವೆ. ವ್ಯತ್ಯಾಸ ಇಷ್ಟೆ: ಕನ್ನಡ ಎಲ್ಲ ‘-ರೆ’ಗೂ ಇದೇ ರೂಪ ಬಳಸುತ್ತದೆ. ಇಂಗ್ಲಿಷ್ ಆಗುವ ಮಾತಿಗೆ ವರ್ತಮಾನವನ್ನೂ ಆಗದ ಮಾತಿಗೆ ಭೂತವನ್ನೂ ಬಳಸುತ್ತದೆ. ‘ದುಡ್ಡು ಬಂದರೆ ತಗೊಳ್ತೀನಿ’ ಎಂಬ ನಂಬಿಕೆಯ ಮಾತಾದರೆ ‘ಇಫ್ ಐ ಗೆಟ್ ದಿ ಮನಿ, ಐ ವಿಲ್ ಬೈ ಎ ಕಾರ್’.

ಕಳೆದುಹೋದ ಅವಕಾಶದ ಮಾತು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ‘ಹೋದ ವರ್ಷ ದುಡ್ಡಿದ್ದಿದ್ದರೆ ತಗೊಳ್ತಿದ್ದೆ’: ‘ಇಫ್ ಐ ಹ್ಯಾಡ್ ಹ್ಯಾಡ್ ದಿ ಮನಿ ಲಾಸ್ಟ್ ಇಯರ್, ಐ ವುಡ್ ಹ್ಯಾವ್ ಬಾಟ್ ಎ ಕಾರ್.’ ಎರಡು ‘ಹ್ಯಾಡ್’ ಒಟ್ಟಿಗೆ ಬಂದದ್ದು ಅಚ್ಚಿನ ತಪ್ಪಲ್ಲ. ಕನ್ನಡದಲ್ಲಿ ‘ತಗೊಳ್ತಿದ್ದೆ’ ಬದಲಾಗಲಿಲ್ಲ, ಇಂಗ್ಲಿಷಿನಲ್ಲಿ ‘ವುಡ್ ಬೈ’ ಹೋಗಿ ‘ವುಡ್ ಹ್ಯಾವ್ ಬಾಟ್’ ಆಯಿತು. ನಮ್ಮವರು ಹೆಚ್ಚು ಎಡವುವುದು ಇಲ್ಲಿಯೇ. ಜೊತೆಗೆ ‘ಇಫ್ ಐ ವುಡ್ ಹ್ಯಾವ್ ನೋನ್’ ಎಂದು ‘ಇಫ್’ ಇರುವ ಭಾಗಕ್ಕೇ ‘ವುಡ್’ ಸೇರಿಸುತ್ತಾರೆ. ಅಲ್ಲಿ ‘ಇಫ್ ಐ ಹ್ಯಾಡ್ ನೋನ್’ ಸಾಕು. ‘ವುಡ್’ ಇರಬೇಕಾದದ್ದು ಫಲ ಹೇಳುವ ಭಾಗದಲ್ಲಿ.

‘ನಾನು ನೀವಾಗಿದ್ದರೆ’ ಎನ್ನುವುದಕ್ಕೆ ‘ಇಫ್ ಐ ವರ್ ಯೂ’ ಎಂದೇ ಬರೆಯಿರಿ. ಮಾತಿನಲ್ಲಿ ‘ವಾಸ್’ ಕೂಡ ಕೇಳಿಬರುತ್ತದೆ, ಪರೀಕ್ಷೆಯಲ್ಲಿ ಮಾತ್ರ ‘ವರ್’ ಕ್ಷೇಮ.

ಪ್ರಶ್ನೆ: ‘ಐ ಪ್ರಿಫರ್ ಕಾಫಿ ದ್ಯಾನ್ ಟೀ’ ಸರಿಯೇ? ‘ರಾದರ್’ ಎಲ್ಲಿ ಬಳಸಬೇಕು? — ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ‘ಪ್ರಿಫರ್’ ಜೊತೆ ‘ಟು’: ‘ಐ ಪ್ರಿಫರ್ ಕಾಫಿ ಟು ಟೀ.’ ‘ಸೀನಿಯರ್ ಟು’, ‘ಜೂನಿಯರ್ ಟು’ ಇದ್ದ ಹಾಗೆ. ‘ಹೆಚ್ಚು’ ಎಂಬ ಅರ್ಥ ಪದದೊಳಗೇ ಇರುವುದರಿಂದ ‘ಪ್ರಿಫರ್ ಮೋರ್’ ಬೇಡ. ಎರಡು ಕೆಲಸಗಳನ್ನು ಹೋಲಿಸುವಾಗ ಎರಡಕ್ಕೂ ‘-ಇಂಗ್’: ‘ಐ ಪ್ರಿಫರ್ ವಾಕಿಂಗ್ ಟು ಡ್ರೈವಿಂಗ್.’

ಇದು ಸಾಮಾನ್ಯ ಅಭಿರುಚಿ. ಈ ಹೊತ್ತಿನ ಆಯ್ಕೆಗೆ ‘ವುಡ್ ರಾದರ್’ ಒಳ್ಳೆಯದು, ಮಾತಿನಲ್ಲಿ ‘ಐಡ್ ರಾದರ್’. ಇದರ ಮುಂದೆ ಬರಿ ಕ್ರಿಯಾಪದ, ‘ಟು’ ಇಲ್ಲ, ‘-ಇಂಗ್’ ಇಲ್ಲ. ಹೋಲಿಕೆಗೆ ‘ದ್ಯಾನ್’ ಬರುವುದು ಇಲ್ಲಿ: ‘ಐಡ್ ರಾದರ್ ವಾಕ್ ದ್ಯಾನ್ ಟೇಕ್ ದಿ ಬಸ್.’ ನಿಮ್ಮ ವಾಕ್ಯದ ‘ದ್ಯಾನ್’ ಬಹುಶಃ ಇಲ್ಲಿಂದಲೇ ಬಂದದ್ದು.

ಉಚ್ಚಾರದ ಒಂದು ಮಾತು: ‘ಪ್ರಿಫರ್’ನಲ್ಲಿ ಒತ್ತು ‘ಫರ್’ ಮೇಲೆ, ‘ಪ್ರೆಫರೆನ್ಸ್’ನಲ್ಲಿ ಮೊದಲ ‘ಪ್ರೆ’ ಮೇಲೆ.

ಪ್ರಶ್ನೆ: ‘ಟೀ ಆರ್ ಕಾಫಿ?’ ಎಂದು ಕೇಳಿದರೆ ‘ಐ ಲೈಕ್ ಕಾಫಿ’ ಎನ್ನಬಹುದೇ? — ಓದುಗರು, ರಾಯಚೂರು

ಉತ್ತರ: ‘ನನಗೆ ಕಾಫಿ ಇಷ್ಟ’ ಎಂದಂತಾಯಿತು, ‘ಕಾಫಿ ಕೊಡಿ’ ಎಂದಂತಾಗಲಿಲ್ಲ. ‘ಐಡ್ ಲೈಕ್ ಕಾಫಿ, ಪ್ಲೀಸ್’ ಅನ್ನಿ. ಆ ‘ಡ್’ ನಾಲಗೆಯ ತುದಿಯಲ್ಲಿ ಸಣ್ಣಗೆ ಕೇಳಿಸಿದರೆ ಸಾಕು.

ಪ್ರಶ್ನೆ: ಕಚೇರಿಯಲ್ಲಿ ಒಬ್ಬರು ‘ವುಡ್ ಯು ಮೈಂಡ್ ಇಫ್ ಐ ಓಪನ್ಡ್ ದಿ ವಿಂಡೋ?’ ಎಂದರು. ‘ಯೆಸ್, ಯೆಸ್’ ಎಂದೆ. ಅವರು ಕಿಟಕಿ ತೆಗೆಯದೆ ಸುಮ್ಮನೆ ಕೂತರು. — ಓದುಗರು, ಬೆಂಗಳೂರು

ಉತ್ತರ: ‘ಮೈಂಡ್’ ಎಂದರೆ ಇಲ್ಲಿ ಬೇಸರಪಡುವುದು. ‘ಕಿಟಕಿ ತೆಗೆದರೆ ಬೇಸರವೇ?’ ಎಂಬುದಕ್ಕೆ ‘ಹೌದು’ ಎಂದಿರಿ. ಒಪ್ಪಿಗೆ ಇದ್ದರೆ ‘ನೋ, ನಾಟ್ ಅಟ್ ಆಲ್’. ಗೊಂದಲವೆನಿಸಿದರೆ ‘ಪ್ಲೀಸ್, ಗೋ ಅಹೆಡ್’ ಎಂದರೆ ಎಲ್ಲ ತಿಳಿಯಾಯಿತು.

ಬೇಡವೆಂದಿದ್ದರೆ ‘ಐಡ್ ರಾದರ್ ಯು ಡಿಡಂಟ್’ ಎನ್ನಬಹುದು. ಅಲ್ಲಿನ ‘ಓಪನ್ಡ್’, ಇಲ್ಲಿನ ‘ಡಿಡಂಟ್’ ಎರಡೂ ಮೊದಲ ಉತ್ತರದಲ್ಲಿ ಕಂಡ ಭೂತಕಾಲವೇ. ನಿನ್ನೆಯ ಸುದ್ದಿಯಲ್ಲ, ಇನ್ನೂ ಆಗದ ಕೆಲಸ. ‘ವುಡ್ ರಾದರ್’ ಆದ ಮೇಲೆ ಬೇರೊಬ್ಬರ ಹೆಸರು ಬಂದರೆ ಕ್ರಿಯಾಪದ ಹೀಗೆ ಹಿಂದಕ್ಕೆ ಸರಿಯುತ್ತದೆ: ‘ನೀವು ನಾಳೆ ಬಂದರೆ ಒಳ್ಳೆಯದಿತ್ತು’ ಎಂಬುದಕ್ಕೆ ‘ಐಡ್ ರಾದರ್ ಯು ಕೇಮ್ ಟುಮಾರೋ.’ ‘ಕೇಮ್’ ಪಕ್ಕ ‘ಟುಮಾರೋ’ ಇರುವುದು ಕಣ್ಣಿಗೆ ವಿಚಿತ್ರವೆನಿಸಿದರೂ ವಾಕ್ಯ ಸರಿಯಾಗಿದೆ.

ಪ್ರಶ್ನೆ: ಸಂದರ್ಶನದಲ್ಲಿ ‘ವಾಟ್ ವುಡ್ ಯು ಡೂ ಇಫ್ ಎ ಕಸ್ಟಮರ್ ಶೌಟೆಡ್ ಅಟ್ ಯೂ?’ ಎಂದರೆ ಉತ್ತರ ‘ವಿಲ್’ನಲ್ಲೋ ‘ವುಡ್’ನಲ್ಲೋ? ‘ಯು ಹ್ಯಾಡ್ ಬೆಟರ್’ ಬಳಸಿದರೆ ವಿನಯವೇ? — ಉದ್ಯೋಗಾಕಾಂಕ್ಷಿ, ಹುಬ್ಬಳ್ಳಿ

ಉತ್ತರ: ಪ್ರಶ್ನೆ ‘ವುಡ್’ನಲ್ಲಿದ್ದರೆ ಉತ್ತರವೂ ‘ವುಡ್’ನಲ್ಲಿರಲಿ: ‘ಫಸ್ಟ್, ಐ ವುಡ್ ಲಿಸನ್. ದೆನ್ ಐ ವುಡ್ ಚೆಕ್ ದಿ ಬಿಲ್.’ ಮೊದಲ ವಾಕ್ಯ ‘ವುಡ್’, ಎರಡನೆಯದು ‘ವಿಲ್’, ಮೂರನೆಯದು ‘ಐ ಆ್ಯಮ್ ಚೆಕಿಂಗ್’ ಎಂದು ಜಾರುವುದೇ ಇಲ್ಲಿನ ದೊಡ್ಡ ತೊಡಕು. ಮೂರೇ ವಾಕ್ಯ ಹೇಳಿ, ಮೂರನ್ನೂ ಒಂದೇ ರೂಪದಲ್ಲಿ ಮುಗಿಸಿ.

‘ಹ್ಯಾಡ್ ಬೆಟರ್’ನಲ್ಲಿ ವಿನಯವಿಲ್ಲ, ಎಚ್ಚರಿಕೆ ಇದೆ. ‘ಐಡ್ ರಾದರ್’ನ ‘ಡ್’ ಎಂದರೆ ‘ವುಡ್’, ‘ಐಡ್ ಬೆಟರ್’ನದು ‘ಹ್ಯಾಡ್’, ಕಿವಿಗೆ ಎರಡೂ ಒಂದೇ. ನಿಮಗೆ ನೀವೇ ‘ಐಡ್ ಬೆಟರ್ ಲೀವ್’ ಎಂದುಕೊಂಡರೆ ‘ಹೊರಡದಿದ್ದರೆ ಕಷ್ಟ’ ಎಂದಷ್ಟೇ ಅರ್ಥ. ಮೇಲಧಿಕಾರಿಗೆ ‘ಯು ಹ್ಯಾಡ್ ಬೆಟರ್ ಸೈನ್ ಟುಡೇ’ ಎಂದರೆ ‘ಸಹಿ ಹಾಕದಿದ್ದರೆ ನೋಡಿ ಮತ್ತೆ’ ಎಂಬ ದನಿ ಬರುತ್ತದೆ. ಅಲ್ಲಿ ‘ಇಟ್ ವುಡ್ ಹೆಲ್ಪ್ ಇಫ್ ಯು ಸೈನ್ಡ್ ಟುಡೇ’ ಅನ್ನಿ.