ಪಹಣಿ ಮಗನ ಹೆಸರಿಗೆ, ಗಂಜಿ ಯಾರ ಪಾಲಿಗೆ?

(ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ಅಂಕಣಕಾರರು ಓದುಗರ ಪತ್ರಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ನನಗೆ 71 ವರ್ಷ. 2021ರಲ್ಲಿ 3 ಎಕರೆ 12 ಗುಂಟೆ ತೆಂಗಿನ ತೋಟವನ್ನು ಒಬ್ಬನೇ ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಅವನು ಬೆಂಗಳೂರಿನಲ್ಲಿದ್ದಾನೆ. ಮೊದಲ ವರ್ಷ ದುಡ್ಡು ಕಳಿಸಿದ, ಆಮೇಲೆ ನಿಲ್ಲಿಸಿದ. ಈಗ ತೋಟವನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟಿದ್ದಾನೆ. ಮನೆಯಲ್ಲಿ ಉಳಿದಿದ್ದ ಕೊಬ್ಬರಿಯನ್ನು ಬೆಂಬಲ ಬೆಲೆಗೆ ಕೊಡಲು ಹೋದರೆ ‘ಪಹಣಿ ನಿಮ್ಮ ಹೆಸರಲ್ಲಿಲ್ಲ’ ಎಂದು ವಾಪಸ್ ಕಳಿಸಿದರು. ಪಿಎಂ ಕಿಸಾನ್ ಹಣವೂ ನಿಂತಿದೆ. ಹೆಂಡತಿಗೆ ಸಕ್ಕರೆ ಕಾಯಿಲೆ. ತೋಟ ವಾಪಸ್ ಬರುತ್ತದೆಯೇ?
– ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಯಜಮಾನರೇ, ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಆ ದಾನಪತ್ರದ ದೃಢೀಕೃತ ನಕಲು ತೆಗೆಸಿ. ನೀವು ಕಳಿಸಿರುವ ಜೆರಾಕ್ಸಿನಲ್ಲಿ ಎರಡನೆಯ ಪುಟವೇ ಇಲ್ಲ, ನಿಮ್ಮ ಹಣೆಬರಹ ಇರುವುದು ಆ ಪುಟದಲ್ಲಿ. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ’ ಎಂದು ಮಾತ್ರ ಬರೆದಿದೆಯೋ, ‘ನಮ್ಮ ಜೀವಿತಾವಧಿಯವರೆಗೆ ಊಟೋಪಚಾರ ನೋಡಿಕೊಳ್ಳತಕ್ಕದ್ದು’ ಎಂಬ ಸಾಲೂ ಇದೆಯೋ ನೋಡಬೇಕು.

ಯಾಕೆಂದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೆಯ ಕಲಂ ನಿಂತಿರುವುದೇ ಆ ಷರತ್ತಿನ ಮೇಲೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದೆ ಹೋದರೆ ಮೋಸದಿಂದ ಬರೆಸಿಕೊಂಡಿದ್ದಕ್ಕೆ ಸಮ. ಅದನ್ನು ರದ್ದು ಮಾಡಿಸುವ ಹಕ್ಕು ಕೊಟ್ಟವರಿಗಿದೆ. ಷರತ್ತೇ ಇಲ್ಲದ ಪತ್ರ ಈ ಕಲಮಿನಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟಿನ ಮುಂದೆ ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣ ಬಂತು. ಆಕೆಯ ಮಗ ‘ನೋಡಿಕೊಳ್ಳುತ್ತೇನೆ, ತಪ್ಪಿದರೆ ವಾಪಸ್ ತೆಗೆದುಕೊಳ್ಳಬಹುದು’ ಎಂದು ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ. ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದ ಕೋರ್ಟು ದಾನಪತ್ರವನ್ನು ರದ್ದು ಮಾಡಿ, ಸ್ವಾಧೀನವನ್ನೂ ತಾಯಿಗೇ ಕೊಡಿಸಿತು. ಹಾಗಾಗಿ ಮಗ ಬರೆದ ಕಾಗದ, ಪಂಚಾಯಿತಿಕಟ್ಟೆಯಲ್ಲಿ ಬರೆದುಕೊಟ್ಟ ಒಪ್ಪಿಗೆ, ಏನಿದ್ದರೂ ಹುಡುಕಿ ತೆಗೆಯಿರಿ.

ಏನೂ ಸಿಗದಿದ್ದರೂ ಕೈಕಟ್ಟಿ ಕೂರಬೇಡಿ. ತೋಟ ವಾಪಸ್ ಬರುವುದು ಒಂದು ದಾವೆ, ತಿಂಗಳ ಜೀವನಾಂಶ ಇನ್ನೊಂದು. ಎರಡನೆಯದಕ್ಕೆ ದಾನಪತ್ರದ ಹಂಗಿಲ್ಲ. ನಿಮ್ಮ ದುಡಿಮೆ, ಆಸ್ತಿಯಿಂದ ಜೀವನ ಸಾಗುತ್ತಿಲ್ಲ ಎಂದು ತೋರಿಸಿದರೆ ಸಾಕು. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಕೊಡಬೇಕು, ನಿಮಗೆ ಹಾಸನದ ಎ.ಸಿ. ಕಚೇರಿ. ಮಗ ಬೆಂಗಳೂರಿನಲ್ಲಿದ್ದಾನೆಂದು ಅಲ್ಲಿಗೆ ಅಲೆಯಬೇಕಿಲ್ಲ, ನೀವು ವಾಸವಿರುವ ಕಡೆಯೇ ಹಾಕಬಹುದು. ನೋಟಿಸು ಜಾರಿಯಾದ 90 ದಿನಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ, ವಿಶೇಷ ಕಾರಣವಿದ್ದರೆ ಇನ್ನೊಂದು 30 ದಿನ. ಎ.ಸಿ. ಸಾಹೇಬರ ಮೇಜಿನ ಮೇಲೆ ಭೂಸ್ವಾಧೀನ, ಪಹಣಿ ತಿದ್ದುಪಡಿ, ಚುನಾವಣೆ ಎಲ್ಲವೂ ಇರುತ್ತವೆ. ಆ ರಾಶಿಯೊಳಗೆ ಮುದುಕರ ಕಡತ ಕೆಳಕ್ಕೆ ಜಾರುವುದನ್ನು ನಾನು ಕಣ್ಣಾರೆ ಕಂಡವನು. ಅರ್ಜಿಗೆ ಸ್ವೀಕೃತಿ ತೆಗೆದುಕೊಳ್ಳಿ, ವಾಯಿದೆ ತಪ್ಪಿಸಬೇಡಿ.

ಸಿಗುವುದು ಎಷ್ಟು? ಈ ಕಾಯ್ದೆಯಲ್ಲಿ ಗರಿಷ್ಠ ತಿಂಗಳಿಗೆ 10,000 ರೂಪಾಯಿ. 2007ರಲ್ಲಿ ಅದು ದೊಡ್ಡ ಮೊತ್ತವೇ. ಇವತ್ತು ಇನ್ಸುಲಿನ್, ರಕ್ತಪರೀಕ್ಷೆ, ಹಾಸನಕ್ಕೆ ಹೋಗಿಬರುವ ಖರ್ಚು ಕಳೆದರೆ ಗಂಜಿಗೆ ಎಷ್ಟು ಉಳಿದೀತು? ಮಿತಿಯನ್ನು ತೆಗೆಯುವ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು, ಕಾಯ್ದೆಯಾಗಲಿಲ್ಲ. ಮಗನ ವರಮಾನ ದೊಡ್ಡದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಡಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125) ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು, ಅಲ್ಲಿ ಮಿತಿಯಿಲ್ಲ. ಆದರೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಇನ್ನು ಪಿಎಂ ಕಿಸಾನ್. ಅದು ಜಮೀನು ಹೆಸರಲ್ಲಿರುವವರಿಗೆ ಬರುವ ಹಣ. ಮಾರ್ಗಸೂಚಿಯ ಪ್ರಕಾರ 2019ರ ಫೆಬ್ರವರಿ 1ರ ನಂತರ ಹೆಸರಿಗೆ ಬಂದ ಜಮೀನಿಗೆ ಅದು ಸಿಗುವುದಿಲ್ಲ, ಯಜಮಾನ ತೀರಿಕೊಂಡು ಪೌತಿ ಖಾತೆಯಾಗಿದ್ದರೆ ಮಾತ್ರ ಸಿಗುತ್ತದೆ. ಅಂದರೆ 2021ರ ನಿಮ್ಮ ದಾನಪತ್ರದಿಂದ ವರ್ಷದ 6,000 ರೂಪಾಯಿ ನಿಮಗೂ ತಪ್ಪಿತು, ಮಗನಿಗೂ ಹತ್ತಲಿಲ್ಲ. ಪತ್ರ ಬರೆಯುವವರು ಈ ಮಾತನ್ನು ಯಾರಿಗೂ ಹೇಳುವುದಿಲ್ಲ. ಸಂಘದ ಬೆಳೆ ಸಾಲ, ಬೆಂಬಲ ಬೆಲೆಯ ನೋಂದಣಿ, ಬರ ಪರಿಹಾರ, ಎಲ್ಲವೂ ಪಹಣಿಗೆ ಕಟ್ಟಿದ ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ) ಸಂಖ್ಯೆಯ ಹಿಂದೆಯೇ ಹೋಗುತ್ತವೆ. ಸರ್ಕಾರದ ಲೆಕ್ಕದಲ್ಲಿ ರೈತ ಎಂದರೆ ಪಹಣಿಯ 9ನೆಯ ಕಾಲಂನಲ್ಲಿ ಹೆಸರಿರುವವನು. ನಲವತ್ತು ವರ್ಷ ಬುಡಕ್ಕೆ ಮಣ್ಣು ಏರಿಸಿದ ಕೈಗೆ ಅಲ್ಲಿ ಜಾಗವಿಲ್ಲ. ಈ ನೀತಿ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಸದ್ಯಕ್ಕೆ ಇರುವುದು ಇದೇ.

ಇದನ್ನು ಓದುತ್ತಿರುವ ಬೇರೆ ಯಜಮಾನರಿಗೆ: ಮಗನಿಗೆ ಸಾಗುವಳಿ ಬಿಟ್ಟುಕೊಡಿ, ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ದಾನಪತ್ರ ಮಾಡಲೇಬೇಕಾದರೆ ಈ ಸಾಲನ್ನು ಬರೆಸಿ: ‘ದಾನ ಪಡೆದವರು ದಾನಿಗೂ ದಾನಿಯ ಪತ್ನಿಗೂ ಜೀವಿತಾವಧಿಯವರೆಗೆ ಊಟ, ಬಟ್ಟೆ, ವಸತಿ, ಔಷಧೋಪಚಾರ ಒದಗಿಸತಕ್ಕದ್ದು, ತಪ್ಪಿದಲ್ಲಿ ದಾನಪತ್ರವನ್ನು ರದ್ದುಪಡಿಸುವ ಹಕ್ಕು ದಾನಿಗೆ ಇರತಕ್ಕದ್ದು.’ ‘ಇಷ್ಟೆಲ್ಲ ಯಾಕೆ, ನಂಬಿಕೆ ಇಲ್ವಾ?’ ಎಂದು ಮಗ ಮುಖ ಊದಿಸಿಕೊಂಡರೆ ಆವತ್ತು ನೋಂದಣಿ ಕಚೇರಿಗೆ ಹೋಗಬೇಡಿ.

ಪ್ರಶ್ನೆ: ನಾನು ಲಗ್ನಾಗಿ ಗಂಡನ ಮನಿಗೆ ಬಂದಾಕಿ. ಅಪ್ಪ ತೀರಿದ ಮ್ಯಾಲೆ ಅಣ್ಣಂದಿರು ಉಡಿ ತುಂಬಿ, ಸೀರಿ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕ ಸಹಿ ಮಾಡಿಸಿಕೊಂಡರು. ಈಗ ಅವ್ವ ನನ್ನ ಮನ್ಯಾಗ ಅದಾಳ. ಅಣ್ಣಂದಿರು ಒಂದು ರೂಪಾಯಿ ಕೊಡವಲ್ಲರು. ‘ನೀನೂ ಮಗಳ ಅಲ್ಲೇನು, ನೀನ ನೋಡಕೋ’ ಅಂತಾರ. ಕಾನೂನು ಏನು ಹೇಳತೈತ್ರಿ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ತಂಗೀ, ನಿಮಗೆ ರುಚಿಸದ ಅರ್ಧವನ್ನು ಮೊದಲು ಹೇಳುತ್ತೇನೆ. ಮದುವೆಯಾದ ಮಗಳಿಗೂ ತಂದೆತಾಯಿಯನ್ನು ಸಾಕುವ ಹೊಣೆಯಿದೆ ಎಂದು ಸುಪ್ರೀಂ ಕೋರ್ಟು 1987ರಲ್ಲೇ ತೀರ್ಪು ಕೊಟ್ಟಿದೆ. 2007ರ ಕಾಯ್ದೆಯಲ್ಲಿಯೂ ‘ಮಕ್ಕಳು’ ಎಂದರೆ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಎಲ್ಲರೂ.

ಇನ್ನರ್ಧ ನಿಮ್ಮ ಅಣ್ಣಂದಿರಿಗೆ. ಹೊಣೆ ನಿಮಗೂ ಇದೆ ಎಂದ ಮಾತ್ರಕ್ಕೆ ಅವರದು ಹರಿಯುವುದಿಲ್ಲ. ಅವ್ವ ಅವರಿಬ್ಬರ ಮೇಲೆ ಅರ್ಜಿ ಹಾಕಬಹುದು. ಅವಳಿಗೆ ಓಡಾಡಲು ಆಗದಿದ್ದರೆ ಅವಳ ಹೆಬ್ಬೆಟ್ಟು ಒತ್ತಿಸಿದ ಅಧಿಕಾರ ಪತ್ರ ಹಿಡಿದು ನೀವೇ ಹಾಕಬಹುದು. ಅಣ್ಣಂದಿರು ನಿಮ್ಮನ್ನೂ ಪ್ರತಿವಾದಿ ಮಾಡಬಹುದು, ಮಾಡಲಿ. ಅವ್ವ ಉಣ್ಣುತ್ತಿರುವುದು ಯಾರ ಮನೆಯಲ್ಲಿ, ಔಷಧದ ಚೀಟಿ ಯಾರ ಹೆಸರಲ್ಲಿದೆ, ಹೊಲ ಯಾರ ಹೆಸರಲ್ಲಿದೆ ಎಂಬುದೆಲ್ಲ ಆಗ ಎ.ಸಿ.ಯವರ ಎದುರಿಗೇ ಬರುತ್ತದೆ. ಔಷಧದ ಬಿಲ್ಲುಗಳನ್ನು ಇವತ್ತಿನಿಂದಲೇ ಜೋಡಿಸಿಡಿ.

ಸಹಿ ಹಾಕಿದ ಪತ್ರದ ವಿಚಾರ ಸಿವಿಲ್ ಕೋರ್ಟಿನದು. ಕರ್ನಾಟಕ ತನ್ನದೇ ತಿದ್ದುಪಡಿಯಿಂದ 1994ರಲ್ಲಿ, ಕೇಂದ್ರ 2005ರಲ್ಲಿ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿವೆ. ಆ ಪಾಲನ್ನು ಒಂದು ಸೀರೆಗೆ ಬಿಟ್ಟುಕೊಡಿಸುವ ಉಡಿ ತುಂಬುವ ಶಾಸ್ತ್ರವನ್ನು ನಾನು ಹುದ್ದೆಯಲ್ಲಿದ್ದಾಗ ಬೇಕಾದಷ್ಟು ನೋಡಿದ್ದೇನೆ. ಪತ್ರ ನೋಂದಣಿಯಾಗಿದೆಯೇ, ಯಾವ ವರ್ಷದ್ದು ಎಂಬ ವಿವರ ಹಿಡಿದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ, ವರಮಾನ ಕೇಳುವುದಿಲ್ಲ.

ಪ್ರಶ್ನೆ: ನಮ್ಮ ದೊಡ್ಡಪ್ಪ ಶೇಂಗಾ ಹೊಲದಲ್ಲಿ ಔಷಧ ಹೊಡೆಯುವಾಗ ಕುಸಿದು ಬಿದ್ದರು. ಖಾಸಗಿ ಆಸ್ಪತ್ರೆಗೆ ಸೇರಿಸಿದೆವು, ಮುಂಗಡ ಕಟ್ಟಿದ ಮೇಲೆಯೇ ಮುಟ್ಟಿದರು. ನಾಲ್ಕನೆಯ ದಿನ ತೀರಿಕೊಂಡರು. ಬಾಕಿ 84,000 ಕಟ್ಟುವವರೆಗೆ ಹೆಣ ಕೊಡಲಿಲ್ಲ. ಎರಡು ಎಮ್ಮೆ ಮಾರಿ ಕಟ್ಟಿದೆವು. ಯಾರಿಗೆ ದೂರು ಕೊಡಬೇಕು?
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಜಿಲ್ಲಾಧಿಕಾರಿಗೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಅದಕ್ಕೆ ಹಲ್ಲು ಕೊಡುವ ತಿದ್ದುಪಡಿ ತರಲು ಹೊರಟಾಗ 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿ ಮುಷ್ಕರ ಹೂಡಿದ್ದು ನೆನಪಿರಬಹುದು. ಕೊನೆಗೆ ಮಸೂದೆ ಮೆತ್ತಗಾಗಿಯೇ ಪಾಸಾಯಿತು. ಆದರೂ ಎರಡು ಮಾತು ಉಳಿದುಕೊಂಡವು: ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಕಟ್ಟಿ ಎಂದು ಚಿಕಿತ್ಸೆ ತಡೆಯುವಂತಿಲ್ಲ, ರೋಗಿ ತೀರಿಕೊಂಡರೆ ಬಾಕಿ ಕಟ್ಟಿಯೇ ದೇಹ ಒಯ್ಯಿರಿ ಎನ್ನುವಂತಿಲ್ಲ. ಬಾಕಿ ವಸೂಲಿಗೆ ಆಸ್ಪತ್ರೆಗೆ ಬೇರೆ ದಾರಿಯಿದೆ, ಹೆಣವನ್ನು ಒತ್ತೆ ಇಟ್ಟುಕೊಳ್ಳುವುದು ಆ ದಾರಿಯಲ್ಲ.

ಇದನ್ನು ವಿಚಾರಿಸಲು ಪ್ರತಿ ಜಿಲ್ಲೆಯಲ್ಲೂ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಎಷ್ಟೋ ರೈತರಿಗೆ ಇದು ಇದೆಯೆಂಬುದೇ ಗೊತ್ತಿಲ್ಲ, ಆಸ್ಪತ್ರೆಯ ಗೋಡೆಯ ಮೇಲೆ ದರಪಟ್ಟಿ ಹಾಕಿರಬೇಕೆಂಬುದೂ ಗೊತ್ತಿಲ್ಲ.

ದೂರಿಗೆ ಮೊದಲು ಕೇಸ್ ಶೀಟಿನ ನಕಲು ಮತ್ತು ಬಿಡಿಬಿಡಿಯಾದ ಬಿಲ್ಲನ್ನು ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ನಿಯಮ 2002ರಿಂದ ವೈದ್ಯರ ಮೇಲಿದೆ. ಹಣ ವಾಪಸ್, ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ವೈದ್ಯರ ನಡತೆಯ ಮೇಲೆಯೇ ದೂರಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಒಂದೇ ಅರ್ಜಿಯನ್ನು ಮೂರೂ ಕಡೆಗೆ ಕಳಿಸಬೇಡಿ. ಪ್ರತಿಯೊಬ್ಬರೂ ‘ಇದು ನಮ್ಮ ವ್ಯಾಪ್ತಿಯದಲ್ಲ’ ಎಂದು ಹಿಂಬರಹ ಕೊಡುತ್ತಾರೆ. ನಾನೇ ಅಂಥ ಹಿಂಬರಹಗಳನ್ನು ಟೈಪು ಮಾಡಿಸಿದವನು.

ಮನೆಯಲ್ಲಿ ಸಹಕಾರ ಸಂಘದ ಸದಸ್ಯರಿದ್ದರೆ ಯಶಸ್ವಿನಿ ಮಾಡಿಸಿಕೊಳ್ಳಿ. 2022ರಲ್ಲಿ ಮತ್ತೆ ಶುರುವಾಗಿದೆ. ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ 5 ಲಕ್ಷದವರೆಗೆ. ಕಾಯಿಲೆ ಬಂದ ಮೇಲೆ ಸಂಘಕ್ಕೆ ಓಡಿದರೆ ಆಗುವುದಿಲ್ಲ.

ಪ್ರಶ್ನೆ: ಹೆತ್ತವರನ್ನು ಆಸ್ಪತ್ರೆಯಲ್ಲಿ ಬಿಟ್ಟುಹೋಗುವ ಮಕ್ಕಳ ಹೆಸರಿನ ವಿಲ್ ರದ್ದು ಮಾಡಿಸಬಹುದು ಎಂದು ಮಂತ್ರಿಗಳು ಹೇಳಿದ್ದನ್ನು ಪೇಪರಿನಲ್ಲಿ ಓದಿದೆ. ನಾನು ವಿಲ್ ಬರೆದು ನೋಂದಣಿ ಮಾಡಿಸಿದ್ದೇನೆ. ಅದನ್ನು ರದ್ದು ಮಾಡಲು ಎಲ್ಲಿಗೆ ಅರ್ಜಿ ಹಾಕಬೇಕು?
– ಓದುಗರು, ಬೆಳಗಾವಿ

ಉತ್ತರ: ಎಲ್ಲಿಗೂ ಬೇಡ. ನೀವು ಬದುಕಿರುವವರೆಗೆ ವಿಲ್ಲಿಗೆ ಜೀವವೇ ಬಂದಿರುವುದಿಲ್ಲ. ಎ.ಸಿ.ಯೂ ಬೇಡ, ಮಂತ್ರಿಯೂ ಬೇಡ. ಹಿಂದಿನದನ್ನು ರದ್ದುಪಡಿಸಿದ್ದೇನೆ ಎಂದು ಹೊಸ ವಿಲ್ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ. ನೋಂದಣಿ ಕಡ್ಡಾಯವಲ್ಲ, ಆದರೆ ಹಳೆಯದು ನೋಂದಣಿಯಾಗಿರುವುದರಿಂದ ಇದನ್ನೂ ಮಾಡಿಸಿದರೆ ಮುಂದೆ ಜಗಳ ಕಡಿಮೆ. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಿರಲಿ, ಆಸ್ತಿಯಲ್ಲಿ ಪಾಲು ಪಡೆಯುವವರು ಬೇಡ.